ಬಿಲ್ಡ್-ಡೆಪ್, ಕಂಟೇನರ್, ನಿಕ್ಸ್, ಕೊಂಡಾ: ಕಂಪೈಲ್ ಮಾಡುವಾಗ ಡಿಪೆಂಡೆನ್ಸಿ ಬಿಡಿಸುವ ದಾರಿಗಳ ಹೋಲಿಕೆ

ಲಿನಕ್ಸ್‌ನಲ್ಲಿ ಸೋರ್ಸ್ ಇಳಿಸಿಕೊಂಡು ಕಂಪೈಲ್ ಮಾಡಲು ಕೂತರೆ ಕೋಡ್‌ಗಿಂತ ಮೊದಲು ಕೈಕೊಡುವುದು ಡಿಪೆಂಡೆನ್ಸಿಗಳು, ಅಂದರೆ ಅದನ್ನು ಕಟ್ಟಲು ಬೇಕಾಗುವ ಬೇರೆ ಲೈಬ್ರರಿ, ಸಾಧನಗಳು. ಒಂದು ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರಿಗೆ ಹೇಳುವ ಫೈಲ್) ಇಲ್ಲ ಅಂತ ಕಾನ್ಫಿಗರ್ ನಿಲ್ಲುತ್ತದೆ. ಅದನ್ನು ಹಾಕಿದರೆ ಇನ್ನೊಂದು ಇಲ್ಲ ಅನ್ನುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಡೆಬಿಯನ್, ಉಬುಂಟುಗಳಲ್ಲಿ ನನ್ನ ಓಟು ಬಿಲ್ಡ್-ಡೆಪ್‌ಗೆ. ಅದು ಪ್ಯಾಕೇಜ್ ಮ್ಯಾನೇಜರ್ ಆಪ್ಟ್ ಒಳಗಿನ ಒಂದು ಆದೇಶ. ಅದು ಸೋತ ಕಡೆ ಕಂಟೇನರ್, ಅಂದರೆ ಸಿಸ್ಟಮ್ಮಿನಿಂದ ಬೇರ್ಪಡಿಸಿಟ್ಟ ಪುಟ್ಟ ಲಿನಕ್ಸ್ ಪರಿಸರ. ಉಳಿದವು ಯಾಕೆ ಹಿಂದೆ ಬಿದ್ದವು ಅನ್ನುವುದನ್ನು ಮುಂದೆ ನೋಡೋಣ.

ಬಿಲ್ಡ್-ಡೆಪ್

ನಿಮಗೆ ಬೇಕಾದ ಪ್ರೋಗ್ರಾಂ ಈಗಾಗಲೇ ಡಿಸ್ಟ್ರೋದ (ಉಬುಂಟುವಿನಂಥ ಲಿನಕ್ಸ್ ವಿತರಣೆಯ) ರೆಪೊಸಿಟರಿಯಲ್ಲಿ, ಅಂದರೆ ಪ್ಯಾಕೇಜುಗಳ ಭಂಡಾರದಲ್ಲಿ ಇದ್ದರೆ, ಅದನ್ನು ಪ್ಯಾಕೇಜ್ ಮಾಡಿದವರು ಯಾವ ಯಾವ ಲೈಬ್ರರಿ ಬೇಕು ಅನ್ನುವ ಪಟ್ಟಿಯನ್ನೂ ಬರೆದಿಟ್ಟಿರುತ್ತಾರೆ. ‘ಸುಡೋ ಆಪ್ಟ್ ಬಿಲ್ಡ್-ಡೆಪ್ ಇಂಕ್‌ಸ್ಕೇಪ್’ ಅಂದರೆ ಆ ಪಟ್ಟಿಯಲ್ಲಿರುವುದೆಲ್ಲ ಒಟ್ಟಿಗೆ ಬರುತ್ತದೆ. ನೀವು ಕಂಪೈಲ್ ಮಾಡುತ್ತಿರುವುದು ಒಂದೆರಡು ಆವೃತ್ತಿ ಹೊಸದಾದರೂ ಮುಕ್ಕಾಲು ಕೆಲಸ ಅಲ್ಲಿಗೇ ಮುಗಿದಂತೆ. ಮಿಕ್ಕ ಒಂದೆರಡನ್ನು ಕೈಯಾರೆ ಹಾಕಿಕೊಳ್ಳಬಹುದು.

ಮೊದಲ ಸಲ ಅದು ಸೋರ್ಸ್ ಪ್ಯಾಕೇಜುಗಳ ವಿಳಾಸ ಹೇಳುವ ‘ಡೆಬ್-ಎಸ್‌ಆರ್‌ಸಿ’ ಸಾಲು ಇಲ್ಲ ಅಂತ ಗೊಣಗುತ್ತದೆ. ಉಬುಂಟು 24.04ರಲ್ಲಿ ರೆಪೊಸಿಟರಿಗಳ ವಿವರ ಹಳೆಯ ‘ಸೋರ್ಸಸ್ ಡಾಟ್ ಲಿಸ್ಟ್’ ಫೈಲಿನಲ್ಲಿಲ್ಲ, ಅದರ ಪಕ್ಕದ ಫೋಲ್ಡರಿನ ‘ಉಬುಂಟು ಡಾಟ್ ಸೋರ್ಸಸ್’ ಫೈಲಿನಲ್ಲಿದೆ. ಅಲ್ಲಿ ‘ಟೈಪ್ಸ್: ಡೆಬ್’ ಅಂತಿರುವ ಕಡೆ ‘ಡೆಬ್ ಡೆಬ್-ಎಸ್‌ಆರ್‌ಸಿ’ ಅಂತ ಮಾಡಿ, ‘ಆಪ್ಟ್ ಅಪ್‌ಡೇಟ್’ ಓಡಿಸಿದರೆ ಸರಿಹೋಗುತ್ತದೆ.

ಇದರ ನಿಜವಾದ ದೋಷ ಕಸ. ಡಾಕ್ಯುಮೆಂಟೇಷನ್ ತಯಾರಿಸುವ ಸಾಧನಗಳೂ ಪಟ್ಟಿಯಲ್ಲಿರುವುದರಿಂದ ಕೆಲವೊಮ್ಮೆ ಟೆಕ್‌ಲೈವ್‌ನಂಥ ದೊಡ್ಡ ಗಂಟು ಜೊತೆಗೆ ಬಂದು ಕೂರುತ್ತದೆ. ‘ಆಪ್ಟ್-ಗೆಟ್ ಬಿಲ್ಡ್-ಡೆಪ್’ ಜೊತೆ ‘ಆರ್ಚ್-ಓನ್ಲಿ’ ಆಯ್ಕೆ ಕೊಟ್ಟರೆ ಅದರಲ್ಲಿ ಬಹುಪಾಲು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ತೆಗೆಯಬೇಕು ಅನ್ನುವವರು ‘ಡೆವ್‌ಸ್ಕ್ರಿಪ್ಟ್ಸ್’ ಮತ್ತು ‘ಇಕ್ವಿವ್ಸ್’ ಹಾಕಿಕೊಂಡು ‘ಎಂಕೆ-ಬಿಲ್ಡ್-ಡೆಪ್ಸ್’ ಬಳಸಲಿ. ಅದು ಎಲ್ಲ ಡಿಪೆಂಡೆನ್ಸಿಗಳನ್ನೂ ಒಂದೇ ಖಾಲಿ ಪ್ಯಾಕೇಜಿನ ಬಾಲಕ್ಕೆ ಕಟ್ಟುತ್ತದೆ. ಆ ಒಂದನ್ನು ತೆಗೆದು ‘ಆಟೋರಿಮೂವ್’ ಅಂದರೆ ಇಡೀ ಬಾಲ ಹೋಗುತ್ತದೆ.

‘ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಅನ್ನುವ ತಲೆನೋವು

ಬಿಲ್ಡ್-ಡೆಪ್ ಬಿಟ್ಟು ಓಡಿಹೋದವರಲ್ಲಿ ಹೆಚ್ಚಿನವರು ಓಡಿದ್ದು ಈ ಒಂದು ಎರರ್ ನೋಡಿ. ನೀವು ಹೋಲ್ಡ್ ಮಾಡಿದ (ಆವೃತ್ತಿ ಬದಲಾಗದಂತೆ ಹಿಡಿದಿಟ್ಟ) ಪ್ಯಾಕೇಜುಗಳು ಮುರಿದಿವೆ ಅನ್ನುತ್ತದೆ ಆಪ್ಟ್. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಓಡಿಸಿ ನೋಡಿದರೆ ಪಟ್ಟಿ ಖಾಲಿ! ಸಂದೇಶವೇ ದಾರಿ ತಪ್ಪಿಸುವಂಥದ್ದು. ಬಹುಪಾಲು ಸಲ ಇಲ್ಲಿ ಹೋಲ್ಡ್ ಅನ್ನುವುದೇ ಇರುವುದಿಲ್ಲ, ಇರುವುದು ಆವೃತ್ತಿಗಳ ಜಗಳ.

ಕಾರಣ ಇದು. ಕಂಪೈಲ್ ಮಾಡುವವರಿಗಾಗಿ ಇರುವ ಲೈಬ್ರರಿಯ ಡೆವ್ ಪ್ಯಾಕೇಜಿನಲ್ಲಿ ಹೆಡರ್ ಫೈಲುಗಳು, ಲೈಬ್ರರಿ ಎಲ್ಲಿದೆ ಅಂತ ಬಿಲ್ಡ್ ಸಾಧನಗಳಿಗೆ ಹೇಳುವ ಪಿಕೆಜಿ-ಕಾನ್ಫಿಗ್ ಫೈಲು, ಜೊತೆಗೆ ಅಸಲಿ ಲೈಬ್ರರಿಯನ್ನು ತೋರಿಸುವ ಒಂದು ಸಿಂಬಾಲಿಕ್ ಲಿಂಕ್ ಇರುತ್ತವೆ. ಅಸಲಿ ಲೈಬ್ರರಿ ಇರುವುದು ಬೇರೆ ಪ್ಯಾಕೇಜಿನಲ್ಲಿ. ಹೆಡರೂ ಲೈಬ್ರರಿಯೂ ಒಂದೇ ಬಿಲ್ಡ್‌ನವು ಆಗಿರಬೇಕಾದ್ದರಿಂದ ಡೆವ್ ಪ್ಯಾಕೇಜ್ ಸಾಮಾನ್ಯವಾಗಿ ‘ಸರಿಯಾಗಿ ಇದೇ ಆವೃತ್ತಿ ಬೇಕು’ ಅಂತ ಪಟ್ಟು ಹಿಡಿಯುತ್ತದೆ. ಹೊರಗಿನ ಯಾವುದೋ ಪಿಪಿಎಯಿಂದ (ಅಧಿಕೃತವಲ್ಲದ, ಬೇರೆಯವರು ನಡೆಸುವ ರೆಪೊಸಿಟರಿಯಿಂದ) ಲಿಬ್‌ಕರ್ಲ್4ರ ಹೊಸ ಆವೃತ್ತಿ ಬಂದು ಕೂತಿದೆ, ಆಮೇಲೆ ಆ ಪಿಪಿಎ ತೆಗೆದಿದ್ದೀರಿ ಅಂದುಕೊಳ್ಳಿ. ಈಗ ರೆಪೊಸಿಟರಿಯಲ್ಲಿರುವ ಡೆವ್ ಪ್ಯಾಕೇಜ್ ಕೇಳುವುದು ಹಳೆಯ ಲಿಬ್‌ಕರ್ಲ್4. ಆಪ್ಟ್ ತಾನಾಗಿ ಆವೃತ್ತಿ ಇಳಿಸುವುದಿಲ್ಲ. ಅಲ್ಲಿಗೆ ಗಂಟು ಬಿತ್ತು. ‘ಅಪ್‌ಡೇಟ್ಸ್’ ಅಥವಾ ‘ಸೆಕ್ಯುರಿಟಿ’ ವಿಭಾಗವನ್ನು ಪಟ್ಟಿಯಿಂದ ಕೈಬಿಟ್ಟಿದ್ದರೂ ಇದೇ ಗತಿ.

ಬಿಡಿಸುವ ಕ್ರಮ ಹೀಗೆ. ಎರರ್ ಕೊನೆಯಲ್ಲಿ ಹೇಳಿದ ಡೆವ್ ಪ್ಯಾಕೇಜನ್ನು ಒಂಟಿಯಾಗಿ ಇನ್‌ಸ್ಟಾಲ್ ಮಾಡಲು ಯತ್ನಿಸಿ. ಅದು ಇನ್ನೊಂದರ ಹೆಸರು ಹೇಳಿದರೆ ಅದನ್ನೂ ಹಾಗೇ ಕೆದಕಿ. ಎರಡು ಆವೃತ್ತಿ ಸಂಖ್ಯೆಗಳು ಎದುರುಬದುರು ಕಾಣುವವರೆಗೂ ಇಳಿಯುತ್ತಾ ಹೋಗಿ. ಸಿಕ್ಕ ಮೇಲೆ ಎರಡರ ಮೇಲೂ ‘ಆಪ್ಟ್ ಪಾಲಿಸಿ’ ಓಡಿಸಿ. ಮೂರು ನಕ್ಷತ್ರ ಇರುವ ಸಾಲೇ ಈಗ ಇರುವ ಆವೃತ್ತಿ. ಅದರ ಕೆಳಗೆ ಯಾವ ಸರ್ವರ್ ವಿಳಾಸವೂ ಇಲ್ಲದೆ, 100 ಅನ್ನುವ ಅಂಕಿಯ ಪಕ್ಕ ಡಿಪಿಕೆಜಿಯ (ಆಪ್ಟ್ ಕೆಳಗೆ ಪ್ಯಾಕೇಜುಗಳನ್ನು ಹಾಕುವ ಸಾಧನದ) ‘ಸ್ಟೇಟಸ್’ ಫೈಲ್ ಮಾತ್ರ ಕಂಡರೆ ಅದು ಅನಾಥ. ಈಗ ಚಾಲೂ ಇರುವ ಯಾವ ರೆಪೊಸಿಟರಿಯಲ್ಲೂ ಆ ಆವೃತ್ತಿ ಇಲ್ಲ. ಆಗ ಪ್ಯಾಕೇಜ್ ಹೆಸರು ಬರೆದ ಮೇಲೆ ಸಮ ಚಿಹ್ನೆ ಹಾಕಿ ರೆಪೊಸಿಟರಿಯಲ್ಲಿರುವ ಆವೃತ್ತಿ ಸಂಖ್ಯೆ ಬರೆದು, ಡೆವ್ ಪ್ಯಾಕೇಜನ್ನೂ ಅದೇ ಸಾಲಿನಲ್ಲಿ ಸೇರಿಸಿ ಇನ್‌ಸ್ಟಾಲ್ ಮಾಡಿ.

ಸ್ಟೀಮ್ ಅಥವಾ ವೈನ್ ಇರುವ ಯಂತ್ರದಲ್ಲಿ ಇನ್ನೊಂದು ತೊಡಕಿದೆ. ಅದೇ ಲೈಬ್ರರಿಯ 32 ಬಿಟ್ ಪ್ರತಿಯೂ ಇರುತ್ತದೆ, ಎರಡರ ಆವೃತ್ತಿಯೂ ಒಂದೇ ಇರಬೇಕು. ಒಂದನ್ನು ಇಳಿಸಿ ಇನ್ನೊಂದನ್ನು ಬಿಟ್ಟರೆ ಆಪ್ಟ್ ಮತ್ತೆ ಮೊದಲಿನ ಪಲ್ಲವಿಯನ್ನೇ ಹಾಡುತ್ತದೆ. ‘ಐ386’ ಬಾಲದ ಪ್ಯಾಕೇಜನ್ನೂ ಅದೇ ಸಾಲಿನಲ್ಲಿ ಕೊಡಿ. ‘ವೈ’ ಒತ್ತುವ ಮುಂಚೆ ತೆಗೆದುಹಾಕುವ ಪಟ್ಟಿ ಓದಿ, ಅದರಲ್ಲಿ ಡೆಸ್ಕ್‌ಟಾಪ್ ಪ್ಯಾಕೇಜುಗಳ ಹೆಸರು ಕಂಡರೆ ‘ಎನ್’. ಕೈಯಾರೆ ಮಾಡಲು ಬೇಸರವಾದರೆ ಆಪ್ಟ್ ಥರದ್ದೇ ಇನ್ನೊಂದು ಸಾಧನ ‘ಆಪ್ಟಿಟ್ಯೂಡ್’ ಇದೆ. ಅದರ ಮೊದಲ ಪರಿಹಾರ ಬಹಳ ಸಲ ‘ಏನೂ ಹಾಕದಿರೋಣ’ ಅನ್ನುವ ಸೋಮಾರಿ ಪರಿಹಾರ. ‘ಎನ್’ ಒತ್ತಿದರೆ ಆವೃತ್ತಿ ಇಳಿಸುವ ಪರಿಹಾರ ಮುಂದೆ ಬರುತ್ತದೆ.

ಕಂಟೇನರ್

ಉಬುಂಟು 22.04ರಲ್ಲಿರುವುದು ಜಿಲಿಬ್ ಲೈಬ್ರರಿಯ 2.72. ನಿಮ್ಮ ಪ್ರೋಗ್ರಾಂ 2.76 ಕೇಳಿದರೆ ಬಿಲ್ಡ್-ಡೆಪ್ ಕೈಚೆಲ್ಲುತ್ತದೆ. ಇಂಥಲ್ಲಿ ಪಾಡ್‌ಮ್ಯಾನ್‌ನಲ್ಲಿ (ಕಂಟೇನರ್ ಓಡಿಸುವ ಸಾಧನದಲ್ಲಿ) ಹೊಸ ಡಿಸ್ಟ್ರೋದ ಇಮೇಜ್ ಎಬ್ಬಿಸಿ, ಸೋರ್ಸ್ ಫೋಲ್ಡರನ್ನು ಮೌಂಟ್ ಮಾಡಿ, ಒಳಗೆ ಅದೇ ಬಿಲ್ಡ್-ಡೆಪ್ ಓಡಿಸುವುದು ಅಚ್ಚುಕಟ್ಟು. ಕಸವೆಲ್ಲ ಕಂಟೇನರ್ ಜೊತೆಗೇ ಹೋಗುತ್ತದೆ. ಸಾಮಾನ್ಯ ಬಳಕೆದಾರನಾಗಿ ಓಡಿಸಿದ ಪಾಡ್‌ಮ್ಯಾನ್‌ನಲ್ಲಿ ಒಳಗಿನ ರೂಟ್ ಅಂದರೆ ಹೊರಗೆ ನೀವೇ. ಡಾಕರ್‌ನ (ಇದೂ ಅಂಥದ್ದೇ ಸಾಧನ) ಮಾಮೂಲಿ ವ್ಯವಸ್ಥೆಯಲ್ಲಾದರೆ ಬಿಲ್ಡ್ ಆದ ಫೈಲುಗಳು ರೂಟ್ ಹೆಸರಿಗೆ ಹೋಗಿ, ಅಳಿಸಲೂ ಸುಡೋ ಬೇಕಾಗುತ್ತದೆ.

ಒಂದೇ ಎಚ್ಚರ, ಬಹುತೇಕ ಎಲ್ಲ ಪ್ರೋಗ್ರಾಂಗಳೂ ನೆಚ್ಚಿಕೊಂಡಿರುವ ಮೂಲ ಸಿ ಲೈಬ್ರರಿ ಗ್ಲಿಬ್‌ಸಿ. ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ, ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸ ಇಮೇಜಿನಲ್ಲೇ ಕಟ್ಟಬೇಕಾಗಿ ಬಂದರೆ ಪ್ರೋಗ್ರಾಮನ್ನು ಓಡಿಸುವುದೂ ಅದರೊಳಗೇ. ಆಗ ಕಂಟೇನರನ್ನು ಹೊರಗಿನ ಡೆಸ್ಕ್ಟಾಪಿಗೆ ಬೆಸೆಯುವ ಡಿಸ್ಟ್ರೋಬಾಕ್ಸ್ ಬಳಸಿ ಅದರ ಐಕಾನನ್ನು ಹೊರಗಿನ ಮೆನುಗೆ ತಂದುಕೊಳ್ಳಬಹುದು.

ಒಂದೊಂದೇ ಹುಡುಕಿ ಹಾಕುವುದು

‘ಆಪ್ಟ್-ಫೈಲ್ ಸರ್ಚ್’ ಜೊತೆ ಹೆಡರ್ ಹೆಸರು ಕೊಟ್ಟರೆ ಪ್ಯಾಕೇಜ್ ಸಿಗುತ್ತದೆ. ಐದಾರು ಡಿಪೆಂಡೆನ್ಸಿ ಇದ್ದರೆ ಸಾಕು, ಮೂವತ್ತಿದ್ದರೆ ಸಂಜೆಯಾಗುತ್ತದೆ. ಈ ವಿಷಯದಲ್ಲಿ ಫೆಡೋರಾ ಮುಂದಿದೆ: ಪ್ಯಾಕೇಜ್ ಹೆಸರು ಗೊತ್ತಿಲ್ಲದಿದ್ದರೂ ‘ಪಿಕೆಜಿಕಾನ್ಫಿಗ್’ ಅಂತ ಬರೆದು ಆವರಣದಲ್ಲಿ ಬಿಲ್ಡ್ ಸಾಧನ ಮೆಸನ್ ಕೇಳಿದ ಹೆಸರನ್ನೇ ಹಾಕಿ ಅಲ್ಲಿನ ಪ್ಯಾಕೇಜ್ ಮ್ಯಾನೇಜರ್ ಡಿಎನ್‌ಎಫ್‌ಗೆ ಕೊಟ್ಟರೆ ಅದೇ ಹುಡುಕಿ ಹಾಕುತ್ತದೆ. ಆಪ್ಟ್‌ನಲ್ಲಿ ಇಂಥ ಸೌಕರ್ಯ ಇಲ್ಲದಿರುವುದು ನನ್ನ ಹಳೆಯ ತಕರಾರು.

ನಿಕ್ಸ್

ಇದು ಬೇರೆಯದೇ ಪ್ಯಾಕೇಜ್ ಮ್ಯಾನೇಜರ್. ಪ್ರತಿ ಲೈಬ್ರರಿಯೂ ತನ್ನದೇ ಹ್ಯಾಶ್ (ಗುರುತಿನ ಸಂಕೇತದ) ಹೆಸರಿನ ಫೋಲ್ಡರಿನಲ್ಲಿ ಇರುವುದರಿಂದ ಆವೃತ್ತಿಗಳ ಜಗಳಕ್ಕೆ ಜಾಗವೇ ಇಲ್ಲ. ಬುದ್ಧಿವಂತ ವ್ಯವಸ್ಥೆ, ಒಪ್ಪಲೇಬೇಕು. ಆದರೆ ಡಿಸ್ಕ್ ನುಂಗುತ್ತದೆ. ಕಟ್ಟಿದ ಬೈನರಿ ತನ್ನ ಲೋಡರನ್ನೂ (ಓಡುವಾಗ ಲೈಬ್ರರಿಗಳನ್ನು ಹುಡುಕಿ ತರುವ ಭಾಗವನ್ನೂ) ನಿಕ್ಸ್ ಸ್ಟೋರ್‌ನಲ್ಲೇ ಹುಡುಕುವುದರಿಂದ ನಿಕ್ಸ್ ಇಲ್ಲದ ಯಂತ್ರಕ್ಕೆ ಹಾಗೇ ಒಯ್ಯಲಾಗದು. ಬೇರೆ ಡಿಸ್ಟ್ರೋ ಮೇಲೆ ನಿಕ್ಸ್ ಇಟ್ಟುಕೊಂಡವರಿಗೆ ಓಪನ್‌ಜಿಎಲ್ ಪ್ರೋಗ್ರಾಂಗಳು ಗ್ರಾಫಿಕ್ಸ್ ಡ್ರೈವರ್ ಕಾಣದೆ ಸತಾಯಿಸುತ್ತವೆ. ತಂಡದ ಎಲ್ಲರಿಗೂ ಒಂದೇ ಪರಿಸರ ಬೇಕಿದ್ದರೆ ಇದನ್ನು ಕಲಿಯಬಹುದು.

ಕೊಂಡಾ

ಪ್ಯಾಕೇಜುಗಳನ್ನು ತನ್ನದೇ ಪ್ರತ್ಯೇಕ ಪರಿಸರದಲ್ಲಿ ಇಡುವ ಸಾಧನ ಇದು. ಪೈಥಾನ್ ಕೆಲಸಕ್ಕೆ ಚೆನ್ನ. ಸಿ ಪ್ಲಸ್ ಪ್ಲಸ್ ಕಂಪೈಲ್ ಮಾಡುವಾಗ ಅದರ ‘ಬೇಸ್’ ಪರಿಸರ ಚಾಲೂ ಇದ್ದರೆ ಬಿಲ್ಡ್ ಸಾಧನ ಸಿಮೇಕ್ ಅದರ ಲೈಬ್ರರಿಗಳನ್ನು ಎತ್ತಿಕೊಂಡು ಸಿಸ್ಟಮ್ಮಿನದರ ಜೊತೆ ಕಲಸುತ್ತದೆ. ಕಂಪೈಲ್ ಶುರುಮಾಡುವ ಮೊದಲು ‘ಕೊಂಡಾ ಡಿಆಕ್ಟಿವೇಟ್’.

ಎಲ್ಲವನ್ನೂ /ಯುಎಸ್‌ಆರ್/ಲೋಕಲ್‌ಗೆ ಹಾಕುವುದು

ಬೇಡ. ಡೆಬಿಯನ್‌ನಲ್ಲಿ ಲೋಡರ್ ಆ ಫೋಲ್ಡರಿನ ಲೈಬ್ರರಿಯನ್ನು ಸಿಸ್ಟಮ್ಮಿನದಕ್ಕಿಂತ ಮೊದಲು ನೋಡುತ್ತದೆ, ಕಂಪೈಲರ್ ಜಿಸಿಸಿ ಕೂಡ ಅಲ್ಲಿನ ಹೆಡರನ್ನೇ ಮೊದಲು ಎತ್ತಿಕೊಳ್ಳುತ್ತದೆ. ಒಂದು ಪ್ರೋಗ್ರಾಂಗೋಸ್ಕರ ಹೊಸ ಜಿಲಿಬ್ ಹಾಕಿದರೆ ಇಡೀ ಡೆಸ್ಕ್‌ಟಾಪ್ ಅದನ್ನೇ ಬಳಸಲು ಶುರುಮಾಡುತ್ತದೆ. ಹಾಕಲೇಬೇಕೆಂದರೆ ಪ್ರಿಫಿಕ್ಸ್ (ಇನ್ಸ್ಟಾಲ್ ಆಗುವ ಜಾಗ) ಆಗಿ ಹೋಮ್ ಒಳಗಿನ ಒಂದು ಫೋಲ್ಡರ್ ಕೊಟ್ಟು, ‘ಪಿಕೆಜಿ-ಕಾನ್ಫಿಗ್ ಪಾತ್’ ಅನ್ನು ಆ ಟರ್ಮಿನಲ್‌ಗೆ ಮಾತ್ರ ಹೊಂದಿಸಿ. ಪ್ರಾಜೆಕ್ಟ್ ಮೆಸನ್ ಬಳಸುತ್ತಿದ್ದು ಜಿಲಿಬ್‌ಗೆ ರ‍್ಯಾಪ್ ಫೈಲ್ (ಅದರ ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ಹೇಳುವ ಫೈಲ್) ಇಟ್ಟಿದ್ದರೆ ಅಷ್ಟೂ ಬೇಡ: ‘ಫೋರ್ಸ್-ಫಾಲ್‌ಬ್ಯಾಕ್-ಫಾರ್’ ಆಯ್ಕೆಗೆ ಜಿಲಿಬ್ ಹೆಸರು ಕೊಟ್ಟರೆ ಪ್ರಾಜೆಕ್ಟಿನ ಒಳಗೇ ಅದನ್ನು ಕಟ್ಟಿಕೊಳ್ಳುತ್ತದೆ.

ನನ್ನ ಆಯ್ಕೆಗೆ ಕಾರಣ ನನ್ನ ಅಭ್ಯಾಸ: ಕಂಪೈಲ್ ಆದ ಕೂಡಲೇ ಸಾಮಾನೆಲ್ಲ ತೆಗೆದು ಡಿಸ್ಕ್ ಖಾಲಿ ಮಾಡುವವನು ನಾನು. ಆವೃತ್ತಿ ಹೊಂದಿದರೆ ‘ಎಂಕೆ-ಬಿಲ್ಡ್-ಡೆಪ್ಸ್’, ಹೊಂದದಿದ್ದರೆ ಪಾಡ್‌ಮ್ಯಾನ್. ದಿನವೂ ಹತ್ತು ಪ್ರಾಜೆಕ್ಟ್ ತಿರುವುವವರಿಗೆ ನಿಕ್ಸ್ ಒಗ್ಗೀತು.

ಯಾವ ದಾರಿ ಹಿಡಿದರೂ, ಡಿಪೆಂಡೆನ್ಸಿ ಬದಲಿಸಿದ ಮೇಲೆ ಹಳೆಯ ಬಿಲ್ಡ್ ಫೋಲ್ಡರಿನಲ್ಲೇ ಮುಂದುವರಿಯಬೇಡಿ. ಸಿಮೇಕ್ ಒಮ್ಮೆ ಕಂಡುಕೊಂಡ ಲೈಬ್ರರಿಯ ಜಾಗವನ್ನು ತನ್ನ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಂಡು ಅದನ್ನೇ ನಂಬುತ್ತದೆ. 3.24ರಿಂದ ಈಚಿನ ಸಿಮೇಕ್‌ಗೆ ‘ಫ್ರೆಶ್’ ಆಯ್ಕೆ ಕೊಡಿ, ಮೆಸನ್‌ಗೆ ‘ಸೆಟಪ್’ ಜೊತೆ ‘ವೈಪ್’. ಎರಡೂ ನೆನಪಾಗದಿದ್ದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ ಮೊದಲಿನಿಂದ ಶುರುಮಾಡಿ.