ಡೆನ್ವರ್ ಸುತ್ತ ಫ್ಲೈ ಫಿಶಿಂಗ್: ಹೊಸಬರನ್ನು ಮೊದಲು ಎಲ್ಲಿಗೆ ಕರೆದೊಯ್ಯೋದು?

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ ಫ್ಲೈ ಫಿಶಿಂಗ್ ಮಾಡುವವರನ್ನು ಒಳ್ಳೆಯ ಜಾಗ ಯಾವುದು ಅಂತ ಕೇಳಿ. ಬಹಳ ಜನ ನದಿ ದಂಡೆಯ ಡೆಕ್ಕರ್ಸ್ ಅನ್ನುತ್ತಾರೆ. ಕೇಳಿದವರು ಹಳಬರಾಗಿದ್ದರೆ ಉತ್ತರ ಸರಿಯೇ. ಆದರೆ ನಮ್ಮವರಿಗೆ ಮೀನು ಹಿಡಿಯೋದು ಅಂದರೆ ಊರಿನ ಕೆರೆಯಲ್ಲಿ ಯಾರೋ ಗಾಳ ಹಾಕಿ ಕೂತಿದ್ದನ್ನು ನೋಡಿದ್ದು, ಅಷ್ಟೇ. ಅವರ ಜೊತೆ ಬೇರೆ ಬೇರೆ ನೀರು ಸುತ್ತಿದ ಮೇಲೆ ನನ್ನ ಲೆಕ್ಕ ಬದಲಾಗಿದೆ. ಮೀನಿನ ಗಾತ್ರವನ್ನು ಈಗ ಕೊನೆಗೆ ನೋಡುತ್ತೇನೆ. ಮೊದಲು ನೋಡೋದು ನಿಂತವರ ಬೆನ್ನ ಹಿಂದೆ ಏನಿದೆ ಅಂತ.

ಮಾಮೂಲಿ ಗಾಳದಲ್ಲಿ ಸೀಸದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲ, ಹುಳುವಿನ ಹಾಗೆ ಕಾಣಲು ಪುಕ್ಕ ಸುತ್ತಿದ ಪುಟ್ಟ ಕೊಕ್ಕೆ ಅದು. ಇಲ್ಲಿ ತೂಕ ಇರುವುದು ಲೈನ್‌ಗೆ, ಅಂದರೆ ದಾರಕ್ಕೇ. ಲೈನ್ ಮುಂದೆ ಹಾರಬೇಕಾದರೆ ಮೊದಲು ಹಿಂದಕ್ಕೆ ಪೂರ್ತಿ ಚಾಚಿಕೊಳ್ಳಬೇಕು. ಹಿಂದೆ ಪೊದೆ ಇದ್ದರೆ ಕೊಂಬೆಯಿಂದ ಫ್ಲೈ ಬಿಡಿಸೋದೇ ದಿನದ ಕೆಲಸ.

ಕ್ಲಿಯರ್ ಕ್ರೀಕ್ ಅನ್ನೋ ತೊರೆ ಮನೆಗೆ ಹತ್ತಿರ. ಗೋಲ್ಡನ್ ಊರು ದಾಟಿದರೆ ಕಣಿವೆ ಶುರು. ಬಂಡೆಗಳ ನಡುವೆ ನೀರು ನುಗ್ಗುತ್ತದೆ, ಬಂಡೆಯ ಹಿಂದಿನ ಚಿಕ್ಕ ಮಡುಗಳಲ್ಲಿ ಬ್ರೌನ್ ಟ್ರೌಟ್ ಮೀನುಗಳು ಇರುತ್ತವೆ. ಹೊಸಬರಿಗೆ ಇಲ್ಲೊಂದು ಅನುಕೂಲ ಇದೆ. ಉದ್ದ ಲೈನ್ ಬೀಸಬೇಕಾಗಿಲ್ಲ, ರಾಡ್ (ಗಾಳದ ಕೋಲು) ಚಾಚಿ ಫ್ಲೈಯನ್ನು ಮಡುವಿಗೆ ಇಳಿಸಿದರೆ ಸಾಕು. ನೀರಿನ ವೇಗಕ್ಕೆ ಮೀನಿಗೂ ಯೋಚಿಸಲು ಪುರುಸೊತ್ತಿಲ್ಲ, ಥಟ್ಟನೆ ಕಚ್ಚುತ್ತದೆ. ಕಷ್ಟ ಇರೋದು ಕಾಲಿಗೆ. ದಂಡೆ ಕಡಿದು, ಕಲ್ಲು ಜಾರುತ್ತದೆ, ಮೇಲೆ ಹೆದ್ದಾರಿಯ ಲಾರಿ ಸದ್ದು ನಿಲ್ಲೋದೇ ಇಲ್ಲ. "ಮೀನು ಹಿಡಿಯೋಕೆ ಮುಂಚೆ ಸರ್ಕಸ್ ಕಲೀಬೇಕು ಕಣೇ" ಅಂದರು ನಮ್ಮವರು. ಹಿಮ ಕರಗುವ ಮೇ, ಜೂನ್‌ನಲ್ಲಂತೂ ಆ ಕಡೆ ಹೋಗಲೇಬೇಡಿ.

ಡೆಕ್ಕರ್ಸ್ ಸೌತ್ ಪ್ಲಾಟ್ ನದಿಯ ಮೇಲಿದೆ, ಒಂದೂವರೆ ಗಂಟೆ ದಾರಿ. ನದಿ ಅಗಲ, ನಿಲ್ಲಲು ಆರಾಮ. ಆದರೆ ಮೇಲೆ 1905ರಲ್ಲಿ ಮುಗಿದ ಚೀಸ್‌ಮನ್ ಅಣೆಕಟ್ಟು ಇದೆ. ಅಲ್ಲಿಂದ ಬರುವ ತಣ್ಣನೆ ನೀರಿನಲ್ಲಿ ವರ್ಷವಿಡೀ ಹುಳುಗಳು ಇರುತ್ತವೆ, ಹಾಗಾಗಿ ಮೀನಿಗೆ ಹಸಿವಿನ ಆತುರ ಇಲ್ಲ. ಮೇಲಾಗಿ ದಿನಾ ಹತ್ತಾರು ಜನರ ಫ್ಲೈ ನೋಡಿ ಪಳಗಿದ ಮೀನುಗಳು. 22ನೇ ನಂಬರಿನ ಕೊಕ್ಕೆ ಬೇಕು, ಅಕ್ಕಿಕಾಳಿಗಿಂತ ಚಿಕ್ಕದು. ಅದು ಪ್ರವಾಹದ ವೇಗದಲ್ಲೇ ತೇಲಬೇಕು, ಲೈನ್ ಒಂಚೂರು ಎಳೆದರೂ ಮೀನು ಮುಖ ತಿರುಗಿಸುತ್ತದೆ. ಕಣ್ಣೆದುರು ದೊಡ್ಡ ಟ್ರೌಟ್ ಓಡಾಡುತ್ತಿರುತ್ತದೆ, ಕಚ್ಚೋದಿಲ್ಲ. ನನಗೆ ಇದೇ ಮಜಾ. ಹೊಸಬರಿಗೆ ಇದು ಶಿಕ್ಷೆ, ಅಲ್ವಾ? ವಾರಾಂತ್ಯದಲ್ಲಿ ಜನವೂ ಜಾಸ್ತಿ. ಬೀಸೋಕೆ ಬರದವರಿಗೆ ಪಕ್ಕದಲ್ಲಿ ಬಲ್ಲವರು ನಿಂತರೆ ಕೈ ಇನ್ನಷ್ಟು ಬಿಗಿಯಾಗುತ್ತದೆ.

ನನ್ನ ಓಟು ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಮೊರೇನ್ ಪಾರ್ಕ್‌ಗೆ. ಸುಮಾರು 8,000 ಅಡಿ ಎತ್ತರದ ದೊಡ್ಡ ಹುಲ್ಲುಗಾವಲು, ನಡುವೆ ಬಿಗ್ ಥಾಂಪ್ಸನ್ ನದಿ ಅಂಕುಡೊಂಕಾಗಿ, ನಿಧಾನವಾಗಿ ಹರಿಯುತ್ತದೆ. ಜಾಗ ನೋಡಿ ನಿಂತರೆ ಹಿಂದೆ ಬರೀ ಹುಲ್ಲು. ನೀರಿಗೆ ಇಳಿಯಲೇಬೇಕು ಅಂತಿಲ್ಲ, ವೇಡರ್ಸ್ (ನೀರಿಗಿಳಿಯಲು ಹಾಕುವ ನೀರು ತಾಗದ ಪ್ಯಾಂಟು) ಖರ್ಚು ಉಳಿಯಿತು. ಬ್ರೌನ್, ಬ್ರೂಕ್ ಟ್ರೌಟ್‌ಗಳು ಚಿಕ್ಕವು. ಆದರೆ ಅಲ್ಲಿನ ಬೇಸಿಗೆ ಬಹಳ ಮೋಟು, ಸಿಕ್ಕಿದ್ದನ್ನು ತಿಂದು ಬೆಳೆಯಬೇಕು. ಅದರಲ್ಲೂ ಬ್ರೂಕ್ ಟ್ರೌಟ್‌ಗೆ ಆರಿಸುವ ಚಾಳಿ ಕಡಿಮೆ. ತೇಲುವ ದೊಡ್ಡ ಫ್ಲೈ ಕಟ್ಟಿದರೆ ಅದು ಮೇಲೆದ್ದು ಕಚ್ಚುವುದು ಕಣ್ಣಿಗೆ ಕಾಣುತ್ತದೆ. ಏನಾಗುತ್ತಿದೆ ಅಂತ ಕಂಡರೆ ತಾನೇ ಕಲಿಯಲು ಆಸಕ್ತಿ? ನಮ್ಮವರು ಅಲ್ಲಿ "ಇನ್ನೊಂದು ಸಲ, ಇನ್ನೊಂದು ಸಲ" ಅನ್ನುತ್ತಾ ಊಟವನ್ನೇ ಮುಂದೂಡಿದರು. ಬೇಜಾರಾದರೆ ಕ್ಯಾಮೆರಾ ಹಿಡಿದು ಕೂರಲು ಎಲ್ಕ್ ಅನ್ನೋ ದೊಡ್ಡ ಜಿಂಕೆಗಳ ಹಿಂಡುಗಳೂ ಇವೆ.

ತೊಂದರೆಗಳೂ ಇವೆ. ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಸಮಯ ಕಾಯ್ದಿರಿಸಿಕೊಂಡೇ ಪಾರ್ಕಿಗೆ ಹೋಗಬೇಕು. ಪ್ರವೇಶ ಶುಲ್ಕ ಬೇರೆ. ಬೇಸಿಗೆಯ ಮಧ್ಯಾಹ್ನ ಗುಡುಗು ಬರುತ್ತದೆ, ಬಯಲಲ್ಲಿ ಉದ್ದದ ರಾಡ್ ಎತ್ತಿ ನಿಲ್ಲುವ ಹೊತ್ತಲ್ಲ ಅದು. ಶರತ್ಕಾಲದಲ್ಲಿ ಎಲ್ಕ್‌ಗಳಿಗೆ ಬೆದೆಯ ಕಾಲ, ಆಗ ಸಂಜೆಯಿಂದ ಬೆಳಿಗ್ಗೆವರೆಗೆ ಹುಲ್ಲುಗಾವಲಿಗೆ ಕಾಲಿಡುವ ಹಾಗಿಲ್ಲ. ನನ್ನ ಪ್ರಕಾರ ಜುಲೈ ಕೊನೆಯಿಂದ ಆಗಸ್ಟ್ ಸರಿಯಾದ ಸಮಯ, ಬೆಳಿಗ್ಗೆ ಬೇಗ.

ಅದೇ ಪಾರ್ಕಿನ ಸ್ಪ್ರಾಗ್ ಲೇಕ್ ಸಮತಟ್ಟು ದಾರಿ, ಶೌಚಾಲಯ ಎಲ್ಲಾ ಇರುವ ಚೆಂದದ ಜಾಗ. ಆದರೆ ನಡೆಯುವ ದಾರಿ ದಂಡೆಗೇ ಅಂಟಿಕೊಂಡಿದೆ. ಹಿಂದಕ್ಕೆ ಬೀಸಿದ ಕೊಕ್ಕೆ ಯಾರ ಟೋಪಿಗೆ ಸಿಗುತ್ತದೋ ಅನ್ನುವ ದಿಗಿಲು.

ಇಷ್ಟು ದೂರ ಬೇಡ ಅನ್ನುವವರಿಗೆ ಊರೊಳಗಿನ ಪಾರ್ಕುಗಳ ಕೊಳಗಳಿವೆ. ನೋಟ ಏನಿಲ್ಲ, ಬಾತುಕೋಳಿ ಹಿಕ್ಕೆ ಜಾಸ್ತಿ. ಆದರೆ ಬೇಸಿಗೆಯ ಆರಂಭದಲ್ಲಿ ಬ್ಲೂಗಿಲ್ ಮೀನುಗಳು ದಡದ ಹತ್ತಿರ ಗೂಡು ಕಾಯುತ್ತಿರುತ್ತವೆ. ಹತ್ತಿರ ಬಿದ್ದಿದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಕೊಲರಾಡೋದಲ್ಲಿ 16 ತುಂಬಿದವರಿಗೆ ಲೈಸೆನ್ಸ್ ಬೇಕು, ಜೂನ್‌ನ ಮೊದಲ ಪೂರ್ಣ ವಾರಾಂತ್ಯ ಮಾತ್ರ ವಿನಾಯಿತಿ. ಆಗ ಬೆಟ್ಟದ ನದಿಗಳು ಉಕ್ಕುತ್ತಿರುತ್ತವೆ, ಕೊಳ ಶಾಂತ. ದುಡ್ಡು ಖರ್ಚು ಮಾಡದೆ ಇಷ್ಟ ಆಗುತ್ತೋ ಇಲ್ವೋ ನೋಡಬೇಕಾದರೆ ಆ ವಾರಾಂತ್ಯ ಕೊಳಕ್ಕೇ ಹೋಗಿ. ಇಷ್ಟವಾದರೆ ಲೈಸೆನ್ಸ್ ಮಾಡಿಸಿ, ಜುಲೈ ಕೊನೆಗೆ ಮೊರೇನ್ ಪಾರ್ಕ್. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಎರಡೂ ಕಡೆ ಬೇಕು, ಕಲಿಸುವವರಿಗೂ.