ಓಪನ್ ಬ್ಯಾಫಲ್‌ಗೆ ಬೇಸ್ ಡ್ರೈವರ್: ಭಾರದ ಮ್ಯಾಗ್ನೆಟ್ ಏಕೆ ಬೇಡ

ಪೆಟ್ಟಿಗೆಯೇ ಇಲ್ಲದೆ ಬರೀ ಹಲಗೆಗೆ ಡ್ರೈವರ್ (ಸ್ಪೀಕರ್‌ನ ಸದ್ದು ಮಾಡುವ ಭಾಗ) ಬಿಗಿದು ಕೇಳುವುದೇ ಓಪನ್ ಬ್ಯಾಫಲ್. ಅದಕ್ಕೆ ನನ್ನ ಆಯ್ಕೆ ಎಮಿನೆನ್ಸ್ ಕಂಪನಿಯ 15 ಇಂಚಿನ ಆಲ್ಫಾ 15ಎ. ಬದಿಗೆ ಎರಡರಂತೆ ನಾಲ್ಕು. ಇದರ ಜೊತೆಗೆ ಹೋಲಿಸಿ ಕೇಳಿದ್ದು ಎರಡು ಬಗೆಯನ್ನು: ಆರ್ಕೆಸ್ಟ್ರಾ ಬಾಕ್ಸ್‌ಗಳಿಗೆ ಹಾಕುವ ಅಂಗಡಿಯ 15 ಇಂಚಿನ ಪಿಎ ಡ್ರೈವರ್, ಮತ್ತು 12 ಇಂಚಿನ ಕಾರ್ ಸಬ್‌ವೂಫರ್. ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಅಂಗಡಿಯವರು ಡ್ರೈವರನ್ನು ತಿರುಗಿಸಿ ಹಿಂದಿನ ಮ್ಯಾಗ್ನೆಟ್ ತೋರಿಸಿಯೇ ಮಾರುವುದು. ದೊಡ್ಡ ಮ್ಯಾಗ್ನೆಟ್ ಎಂದರೆ ದೊಡ್ಡ ಬೇಸ್ ಎಂಬ ಮಾತು ಬಾಕ್ಸ್‌ನ ಮಟ್ಟಿಗೆ ಒಂದಷ್ಟು ನಡೆದೀತು. ಓಪನ್ ಬ್ಯಾಫಲ್‌ಗೆ ಅದು ಪೂರ್ತಿ ತಲೆಕೆಳಗು.

ಕಾರಣ ಇಷ್ಟು. ಕೋನ್‌ನ (ಡ್ರೈವರ್‌ನಲ್ಲಿ ಕಂಪಿಸುವ ಭಾಗ) ಹಿಂದಿನ ಅಲೆ ಹಲಗೆಯ ಅಂಚು ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸುತ್ತದೆ. ಸುತ್ತಿ ಬರುವ ದಾರಿ 35 ಸೆಂ.ಮೀ. ಇದ್ದರೆ ಸುಮಾರು 165 ಹರ್ಟ್ಜ್‌ನಿಂದ ಕೆಳಗೆ ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ, 6 ಡಿಬಿ ನಷ್ಟ. 42 ಹರ್ಟ್ಜ್‌ಗೆ ಬರುವಾಗ 12 ಡಿಬಿ ಹೋಗಿರುತ್ತದೆ. ಇದನ್ನು ತುಂಬಿಕೊಡಬೇಕಾದದ್ದು ಡ್ರೈವರ್‌ನ ಕ್ಯುಟಿಎಸ್ ಎಂಬ ಸಂಖ್ಯೆ; ಮ್ಯಾಗ್ನೆಟ್ ಬಿಗಿಯಾದಷ್ಟೂ ಇದು ಕಡಿಮೆ. ರೆಸೊನೆನ್ಸ್‌ನಲ್ಲಿ, ಅಂದರೆ ಕೋನ್ ತಾನಾಗಿಯೇ ಕಂಪಿಸುವ ಹರ್ಟ್ಜ್‌ನಲ್ಲಿ (ಇಲ್ಲಿ 42ರ ಆಸುಪಾಸು), ಡ್ರೈವರ್ ಎಷ್ಟು ಮಟ್ಟದಲ್ಲಿ ನುಡಿಯುತ್ತದೆ ಎಂಬುದನ್ನು ಕ್ಯುಟಿಎಸ್ ನೇರವಾಗಿ ಹೇಳುತ್ತದೆ. ಆಲ್ಫಾದ 1.26 ಎಂದರೆ 2 ಡಿಬಿ ಏರಿಕೆ; ಬಿಗಿ ಮ್ಯಾಗ್ನೆಟ್ಟಿನ ಪಿಎ ಡ್ರೈವರ್‌ನ 0.38 ಎಂದರೆ 8 ಡಿಬಿಗೂ ಮಿಕ್ಕಿ ಇಳಿಕೆ. ಕಾಗದದ ಮೇಲೆ ಎರಡರ ಸೆನ್ಸಿಟಿವಿಟಿಯೂ (1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಬರುವ ಸದ್ದು) 97 ಡಿಬಿ ಎಂದಿದ್ದರೂ ಹಲಗೆಯ ಮೇಲೆ 42 ಹರ್ಟ್ಜ್‌ನಲ್ಲಿ ಒಂದು 87ರಲ್ಲಿ, ಇನ್ನೊಂದು 77ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಲ್ಫಾದ ಮ್ಯಾಗ್ನೆಟ್ ಸಣ್ಣದು. ಅದು ಇಲ್ಲಿ ಗುಣ.

ಅಂಗಡಿಯ ಪಿಎ ಡ್ರೈವರ್‌ಗಳಲ್ಲಿ ಎಷ್ಟೋ ಸಲ ಸರಿಯಾದ ಡೇಟಾ ಶೀಟ್ ಸಿಗುವುದಿಲ್ಲ. ಅಳೆದು ನೋಡುವುದೇ ಸರಿ. ಆಂಪ್ಲಿಫೈಯರ್‌ಗೂ ಡ್ರೈವರ್‌ಗೂ ನಡುವೆ 1000 ಓಮ್ ರೆಸಿಸ್ಟರ್ ಹಾಕಿ, ಮೊಬೈಲಿನ ಟೋನ್ ಆ್ಯಪ್‌ನಿಂದ ಸೈನ್ ವೇವ್ ಕೊಡಿ. ಮೊದಲು ಡ್ರೈವರ್‌ನ ಜಾಗದಲ್ಲಿ 10 ಓಮ್ ರೆಸಿಸ್ಟರ್ ಇಟ್ಟು ಅದರ ಮೇಲಿನ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಮುಂದೆ ಡ್ರೈವರ್ ಜೋಡಿಸಿ, ಟೋನ್‌ನ ಹರ್ಟ್ಜ್ ಬದಲಿಸುತ್ತ ಸಿಗುವ ಎಲ್ಲ ಓದುವಿಕೆಯನ್ನೂ ಅದರ ಅನುಪಾತದಲ್ಲಿ ಓಮ್‌ಗೆ ಪರಿವರ್ತಿಸಬಹುದು. ಎಸಿ 200 ವೋಲ್ಟ್‌ನಿಂದ ಶುರುವಾಗುವ ಅಗ್ಗದ ಮೀಟರ್ ಇದಕ್ಕೆ ಆಗದು, ಮಿಲಿವೋಲ್ಟ್ ಓದುವ ಮೀಟರ್ ಬೇಕು. ಉದಾಹರಣೆಗೆ ಡಿಸಿ ರೆಸಿಸ್ಟೆನ್ಸ್ 5.6 ಓಮ್, 46 ಹರ್ಟ್ಜ್‌ನಲ್ಲಿ ಶಿಖರ 73 ಓಮ್ ಬಂತೆನ್ನಿ. 73ನ್ನು 5.6ರಿಂದ ಭಾಗಿಸಿದರೆ 13. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 20.2 ಓಮ್, ಆ ಓಮ್ ಶಿಖರದ ಆಚೀಚೆ ಎಲ್ಲಿ ಬರುತ್ತದೆಂದು ಹುಡುಕಬೇಕು. 32 ಮತ್ತು 65 ಹರ್ಟ್ಜ್‌ನಲ್ಲಿ ಸಿಕ್ಕಿತೆಂದರೆ ಅಂತರ 33. 46ನ್ನು 13ರ ವರ್ಗಮೂಲದಿಂದ ಗುಣಿಸಿ 33ರಿಂದ ಭಾಗಿಸಿದರೆ ಕ್ಯುಎಂಎಸ್ (ಕ್ಯುಟಿಎಸ್‌ನಲ್ಲಿ ಯಾಂತ್ರಿಕ ಭಾಗದ ಪಾಲು) 5.03, ಅದನ್ನು 13ರಿಂದ ಭಾಗಿಸಿದರೆ ಕ್ಯುಟಿಎಸ್ 0.39. ಹಲಗೆಗೆ ಇದು ಸಾಲದು.

ಸೀರೀಸ್‌ನಲ್ಲಿ 4 ಓಮ್ ರೆಸಿಸ್ಟರ್ ಹಾಕಿದರೆ ಇದೇ ಡ್ರೈವರ್‌ನ ಕ್ಯುಟಿಎಸ್ 0.63ಕ್ಕೆ ಏರುತ್ತದೆ, ಆದರೆ ರೆಸೊನೆನ್ಸ್‌ಗಿಂತ ಮೇಲಿನ ಸ್ವರಗಳ ಮಟ್ಟ 4.7 ಡಿಬಿ ಕುಸಿಯುತ್ತದೆ, ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. 50 ವ್ಯಾಟ್‌ನ ಅಲ್ಯೂಮಿನಿಯಂ ಕವಚದ್ದನ್ನೇ ಹಾಕಿ, ಪ್ಲೈವುಡ್‌ಗೆ ತಾಗದಂತೆ ಕೂರಿಸಬೇಕು. ಕೈಯಲ್ಲಿರುವ ಡ್ರೈವರನ್ನು ಬಳಸಿಕೊಳ್ಳಲು ಒಳ್ಳೆಯ ಉಪಾಯ. ಇದಕ್ಕೆಂದೇ ಹೊಸದು ಕೊಳ್ಳುವುದು ಬೇಡ.

ಇನ್ನು ಕಾರ್ ಸಬ್. ಕ್ಯುಟಿಎಸ್ 0.5, ರೆಸೊನೆನ್ಸ್ 28 ಹರ್ಟ್ಜ್, ಕೋನ್ ಒಂದು ಬದಿಗೆ 10 ಮಿ.ಮೀ. ಓಡುತ್ತದೆ. ಓದಿದರೆ ಆಸೆಯಾಗುತ್ತದೆ. ಹಲಗೆಗೆ ಬಿಗಿದ ಮೇಲೆ ತಲೆನೋವು ಶುರುವಾಗುವುದು ಅದರ ಹಿಂದಿನ ತೂತಿನಿಂದ.

ಇಂಥ ಡ್ರೈವರ್‌ಗಳ ಮ್ಯಾಗ್ನೆಟ್ಟಿನ ನಡುವೆ ವಾಯ್ಸ್ ಕಾಯಿಲ್ (ಕೋನನ್ನು ಓಡಿಸುವ ತಂತಿಯ ಸುರುಳಿ) ತಣಿಯಲೆಂದು ಗಾಳಿಕಿಂಡಿ ಇರುತ್ತದೆ, ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಸುಕ್ಕುಬಟ್ಟೆ) ಕೆಳಗೂ ಸಣ್ಣ ಕಿಂಡಿಗಳು. ಕಾರಿನಲ್ಲಿ ಅವೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಉಳಿಯುವುದರಿಂದ ಅಲ್ಲಿ ಓಡುವ ಗಾಳಿಯ ಸದ್ದು ಯಾರಿಗೂ ಕೇಳುವುದಿಲ್ಲ. ತಯಾರಿಸಿದವರೂ ಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟೇ ಮಾಡಿದ್ದು. ಹಲಗೆಯಲ್ಲಿ ಅದೇ ಕಿಂಡಿ ಕೋಣೆಗೆ ತೆರೆದಿರುತ್ತದೆ. ಮೇಲಾಗಿ ಬ್ಯಾಫಲ್‌ನ ನಷ್ಟ ತುಂಬಲು 40 ಹರ್ಟ್ಜ್‌ನಲ್ಲಿ 12 ಡಿಬಿ ಏರಿಸಿದಿರೆಂದರೆ ಅಲ್ಲಿ 16 ಪಟ್ಟು ಪವರ್ ಹೋಗುತ್ತದೆ, ಕೋನ್ 4 ಪಟ್ಟು ಓಡುತ್ತದೆ. ಮನೆಯಲ್ಲಿ ಕೇಳುವ ಸಾಧಾರಣ ಮಟ್ಟದಲ್ಲೇ ಕಿಂಡಿಯಿಂದ ಫುಸ್ ಫುಸ್ ಎಂಬ ಸದ್ದು. ಅಬ್ಬರದ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ. ಬರೀ ತಂಬೂರಿಯ ಶ್ರುತಿಯ ನಡುವೆ ಮೃದಂಗದ ಎಡಗೈ ಪೆಟ್ಟು ಬಿದ್ದಾಗ ಮುಚ್ಚುವುದಿಲ್ಲ. ಪೆಟ್ಟಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಒಮ್ಮೆ ಕಿವಿಗೆ ಬಿದ್ದ ಮೇಲೆ ಬೇರೇನೂ ಕೇಳುವುದಿಲ್ಲ.

ಡ್ರೈವರನ್ನು ತಿರುಗಿಸಿ ಹಾಕಿದರೆ ಕಿಂಡಿ ನೇರ ಕಿವಿಗೇ ಬರುತ್ತದೆ. ಜೋಡಿಯಲ್ಲಿ ಒಂದನ್ನು ಮಾತ್ರ ತಿರುಗಿಸಿ, ಅದರ ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಎರಡನೇ ಹಾರ್ಮೊನಿಕ್‌ನಂಥ ಸಮಸಂಖ್ಯೆಯ ಡಿಸ್ಟಾರ್ಶನ್ ತಗ್ಗುತ್ತದೆ, ನಿಜ. ಗಾಳಿಯ ಸದ್ದು ತಗ್ಗುವುದಿಲ್ಲ. ಕೆಲಸಕ್ಕೆ ಬಂದ ಪರಿಹಾರ ಎರಡು. ಒಂದು, 30 ಹರ್ಟ್ಜ್‌ಗೆ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನದನ್ನು ತಡೆಯುವುದು. ಇನ್ನೊಂದು, ಮ್ಯಾಗ್ನೆಟ್ಟಿನ ಹಿಂದೆ ಒಂದು ಗೇಣು ಬಿಟ್ಟು ಹಳೆಯ ಹತ್ತಿ ಹಾಸಿಗೆಯ ದಪ್ಪ ಪದರ ತೂಗುಹಾಕುವುದು. ಬೇಸ್‌ಗೆ ಅದರಿಂದ ಏನೂ ಆಗುವುದಿಲ್ಲ, ಗಾಳಿಯ ಸದ್ದು ಮಾತ್ರ ಹೀರಿಹೋಗುತ್ತದೆ. ಕಿಂಡಿಗೆ ಒತ್ತಿ ಕಟ್ಟಬಾರದು, ಕಾಯಿಲ್ ತಣಿಯುವುದಿಲ್ಲ. ಇಷ್ಟು ಮಾಡಿದರೂ ಸದ್ದು ಕಡಿಮೆಯಾಗುತ್ತದೆ ಅಷ್ಟೆ, ಹೋಗುವುದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಈ ಕಿಂಡಿಗೆ ಇನ್ನೂ ಒಂದು ಅಪಾಯವಿದೆ: ಮಣ್ಣಿನ ಗೂಡು ಕಟ್ಟುವ ಕಣಜ. ಸ್ಪೀಕರ್ ಕೆಲವು ವಾರ ಸುಮ್ಮನಿದ್ದರೆ ಅಷ್ಟಗಲದ ತೂತು ಅದಕ್ಕೆ ಹೇಳಿ ಮಾಡಿಸಿದ ಜಾಗ. ಒಣಮಣ್ಣು ಉದುರಿ ವಾಯ್ಸ್ ಕಾಯಿಲ್‌ನ ಸಂದಿಗೆ ಹೋದರೆ ಕರಕರ ಸದ್ದು, ಆಮೇಲೆ ರೀಕೋನ್ ಮಾಡಿಸದೆ (ಕೋನ್, ಕಾಯಿಲ್ ಹೊಸದು ಹಾಕಿಸದೆ) ಗತಿಯಿಲ್ಲ. ಕಿಂಡಿ ಇರುವ ಯಾವ ಡ್ರೈವರ್ ಆದರೂ ಮೊದಲ ದಿನವೇ ಸೊಳ್ಳೆಪರದೆಯ ಬಟ್ಟೆಯ ತುಂಡೊಂದನ್ನು ಅಂಚಿಗೆ ಮಾತ್ರ ಗೋಂದು ಹಚ್ಚಿ ಅಂಟಿಸಿಬಿಡಿ.

ಕಾರ್ ಸಬ್ ಈಗಾಗಲೇ ಮನೆಯಲ್ಲಿದ್ದು, ಅದಕ್ಕೆ ಎರಡು ವಾಯ್ಸ್ ಕಾಯಿಲ್ ಇದ್ದರೆ ಒಂದಕ್ಕೆ ಮಾತ್ರ ಆಂಪ್ಲಿಫೈಯರ್ ಜೋಡಿಸಿ ಇನ್ನೊಂದನ್ನು ತೆರೆದು ಬಿಡಿ. ಕ್ಯುಇಎಸ್ (ಕ್ಯುಟಿಎಸ್‌ನಲ್ಲಿ ಕಾಯಿಲ್-ಮ್ಯಾಗ್ನೆಟ್ಟಿನ ಪಾಲು) ಇಮ್ಮಡಿಯಾಗಿ ಕ್ಯುಟಿಎಸ್ 0.5ರಿಂದ 0.9ರ ಹತ್ತಿರ ಬರುತ್ತದೆ. ತೆರೆದ ಕಾಯಿಲ್‌ಗೆ ಅಡ್ಡಲಾಗಿ ರೆಸಿಸ್ಟರ್ ಹಾಕಿ ಬೇಕಾದ ಮಟ್ಟಕ್ಕೆ ಇಳಿಸಿಕೊಳ್ಳಲೂಬಹುದು. ಪವರ್ ಮಾತ್ರ ಅರ್ಧದಷ್ಟೇ ಕೊಡಬೇಕು.

18 ಇಂಚಿನದು ಇನ್ನೂ ಒಳ್ಳೆಯದು, ಆದರೆ ಹಲಗೆ ಬಾಗಿಲಿನಷ್ಟಾಗುತ್ತದೆ. 12 ಇಂಚಿನ ಹೈಫೈ ವೂಫರ್ ಬದಿಗೆ ಎರಡು ಬೇಕು, ಬೆಲೆ ನನ್ನ ಕೈಗೆ ಮೀರಿದ್ದು.

ಆಲ್ಫಾಕ್ಕೂ ಮಿತಿ ಇದೆ. ಕೋನ್ ಓಡುವುದು 3.8 ಮಿ.ಮೀ. ಮಾತ್ರ, ಹಿಂದೆ ಪೆಟ್ಟಿಗೆಯ ಗಾಳಿಯ ತಡೆಯೂ ಇಲ್ಲ. ಲೆಕ್ಕದ ಪ್ರಕಾರ 40 ಹರ್ಟ್ಜ್‌ನಲ್ಲಿ 1 ಮೀಟರ್ ದೂರಕ್ಕೆ ಒಂದು ಡ್ರೈವರ್ 91 ಡಿಬಿ, ಜೋಡಿ 97 ಡಿಬಿ. ಬದಿಗೆ ಎರಡು ಹಾಕುವುದು ಇದಕ್ಕೇ. ಒಂದು ಆಕ್ಟೇವ್ ಕೆಳಗಿಳಿದರೆ 18 ಡಿಬಿ ಕಳೆದುಕೊಳ್ಳುತ್ತೀರಿ, ಆದ್ದರಿಂದ 20 ಹರ್ಟ್ಜ್‌ನ ಆಸೆ ಬಿಡಬೇಕು, 35ಕ್ಕೆ ಹೈಪಾಸ್ ಹಾಕಬೇಕು. ಬಾಸ್ಕೆಟ್ (ಡ್ರೈವರ್‌ನ ಚೌಕಟ್ಟು) ಒತ್ತಿದ ತಗಡಿನದು, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಕಾಲುಗಳ ಒಳಮೈಗೆ ಬ್ಯೂಟೈಲ್ ಟೇಪ್ ಅಂಟಿಸಿದರೆ ನಿಲ್ಲುತ್ತದೆ. ಕಡಲ ಗಾಳಿಗೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಬೋಲ್ಟ್ ಮತ್ತು ಟಿ-ನಟ್ ಬಳಸಿ. ಪ್ಯಾಸಿವ್ ಕ್ರಾಸ್‌ಓವರ್ (ಆಂಪ್ಲಿಫೈಯರ್ ಆದಮೇಲೆ ಬೇಸನ್ನು ಬೇರ್ಪಡಿಸುವ ಸರ್ಕ್ಯೂಟ್) ಮಾಡಿದರೆ 8 ಓಮ್‌ಗೆ 150 ಹರ್ಟ್ಜ್‌ನಲ್ಲಿ ಸುಮಾರು 8.5 ಮಿಲಿಹೆನ್ರಿ ಕಾಯಿಲ್ ಬೇಕು; ಜೋಡಿಯನ್ನು ಪ್ಯಾರಲಲ್ ಮಾಡಿದರೆ ಅರ್ಧ ಸಾಕು. ಡಿಎಸ್‌ಪಿ (ಅದೇ ಕೆಲಸವನ್ನು ಡಿಜಿಟಲ್ ಆಗಿ ಮಾಡುವ ಸಾಧನ) ಮತ್ತು ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಈ ತಾಮ್ರದ ಖರ್ಚೇ ಇಲ್ಲ.

ಹಲಗೆಗೆ ಐಎಸ್ 710 ಗುರುತಿನ 18 ಮಿ.ಮೀ. ಮರೈನ್ ಪ್ಲೈ. ಎಂಡಿಎಫ್ ನಮ್ಮ ಮಳೆಗಾಲಕ್ಕೆ ಬೋಲ್ಟ್ ತೂತಿನಿಂದಲೇ ಊದಿಕೊಳ್ಳುತ್ತದೆ. ಹಲಸಿನ ಹಲಗೆ ಚೆಂದ, ಆದರೆ 15 ಇಂಚಿನ ತೂತಿಗೆ ಎರಡು ಹಲಗೆ ಜೋಡಿಸಬೇಕು, ಬೇಸಗೆಯಲ್ಲಿ ಆ ಜೋಡಣೆ ಬಿಡುತ್ತದೆ. ಹಿಂದಿನ ಗೋಡೆಯಿಂದ ಕನಿಷ್ಠ 1 ಮೀಟರ್ ಬಿಡಿ. ಹೆಂಚಿನ ಮಾಡಿನ ಚಾವಡಿಯಲ್ಲಿ ತಗ್ಗಿನ ಬೇಸ್ ಮೇಲಿನಿಂದ ಹೊರಗೆ ಹೋಗುತ್ತದೆ, ಕೋಣೆಯಿಂದ ಸಿಗುವ ನೆರವು ಟೆರೇಸ್ ಮನೆಗಿಂತ ಕಡಿಮೆ. ಅಲ್ಲಿ ಬದಿಗೆ ಒಂದೇ ಡ್ರೈವರ್ ಸಾಲುವುದಿಲ್ಲ.

ನಾನು ಹೆಚ್ಚು ಕೇಳುವುದು ತಾಳಮದ್ದಳೆ, ಕರ್ನಾಟಕ ಸಂಗೀತ, ಹಳೆಯ ಚಿತ್ರಗೀತೆ. ಮದ್ದಳೆಯ ಎಡಮುಚ್ಚಿಗೆಯ ಹೊಡೆತಕ್ಕೆ 40 ಹರ್ಟ್ಜ್‌ಗಿಂತ ಕೆಳಗೆ ಹೋಗಬೇಕಾದ ಅಗತ್ಯವೇ ಇಲ್ಲ, ಅದು ಬಂದು ತಟ್ಟನೆ ನಿಲ್ಲಬೇಕು. ಆಲ್ಫಾ ಜೋಡಿ 20 ವ್ಯಾಟ್ ಆಂಪ್ಲಿಫೈಯರ್‌ನಲ್ಲಿ ಅದನ್ನು ಮಾಡುತ್ತದೆ. ಅದೇ 42 ಹರ್ಟ್ಜ್‌ನಲ್ಲಿ ಒಂದು ಆಲ್ಫಾವನ್ನು ಸರಿಗಟ್ಟಲು ಒಂದು ಕಾರ್ ಸಬ್‌ಗೆ ಹತ್ತಿರ ಹತ್ತಿರ 40 ಪಟ್ಟು ಪವರ್ ಬೇಕು, ಡ್ರೈವರ್‌ನಲ್ಲಿ ಉಳಿಸಿದ ಹಣ ಅಲ್ಲಿಗೇ ಹೋಗುತ್ತದೆ. ಸಿನಿಮಾದ ಸ್ಫೋಟ, ನಡುಕ ಬೇಕೆನ್ನುವವರು ಹಲಗೆಯಲ್ಲಿ ಅದನ್ನು ಹುಡುಕುವುದು ಬಿಟ್ಟು ಆ ಕಾರ್ ಸಬ್ಬನ್ನು ಮುಚ್ಚಿದ ಪೆಟ್ಟಿಗೆಗೆ ಹಾಕಿ, 40 ಹರ್ಟ್ಜ್‌ನಿಂದ ಕೆಳಗೆ ಮಾತ್ರ ನುಡಿಸಲಿ. ಕಿಂಡಿಯ ಸದ್ದೂ ಪೆಟ್ಟಿಗೆಯೊಳಗೇ ಉಳಿಯುತ್ತದೆ.