ಕುಟುಂಬ ಚಿಕಿತ್ಸೆ ಕಲಿಯಲು ಹೊರಟವರಿಗೆ: ನಾನು ನಡೆದ ಮೂರು ದಾರಿಗಳ ಹೋಲಿಕೆ

ಗಂಡ-ಹೆಂಡತಿ, ಅತ್ತೆ-ಸೊಸೆ, ಅಪ್ಪ-ಮಗ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಕೆಲಸ ಕಲಿಯಬೇಕು, ಎಲ್ಲಿ ಸೇರಲಿ? ನಮ್ಮ ಕಾಸರಗೋಡಿನ ಬದಿಯಡ್ಕ, ಮಂಜೇಶ್ವರದ ಕಡೆಯ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ. ಡಿಗ್ರಿ ಆದ ಮೇಲೆ ನಾನು ಮೂರು ಕಡೆ ಕಲಿತೆ. ಮೊದಲು ಮಂಗಳೂರಿನ ಒಂದು ಕಾಲೇಜಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು. ಆಮೇಲೆ ದೂರಶಿಕ್ಷಣದಲ್ಲಿ ಕೌನ್ಸೆಲಿಂಗ್ ಮತ್ತು ಕುಟುಂಬ ಚಿಕಿತ್ಸೆಯ ಎಂಎಸ್‌ಸಿ. ಈಚೆಗೆ ವಾರಾಂತ್ಯದ ಒಂದು ಆನ್‌ಲೈನ್ ಕೋರ್ಸು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಲೆಬಸ್ ನೋಡಿ ಆರಿಸಬೇಡಿ. ನೀವು ಒಂದು ಕುಟುಂಬದ ಮುಂದೆ ಕೂತಾಗ ಅದನ್ನು ನೋಡುವವರು ಯಾರು, ಆಮೇಲೆ ನಿಮ್ಮನ್ನು ತಿದ್ದುವವರು ಯಾರು ಎಂದು ನೋಡಿ ಆರಿಸಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರದು ಪ್ರತ್ಯೇಕ ಲೈಸೆನ್ಸ್ ಇರುವ ವೃತ್ತಿ. ಕ್ಯಾಲಿಫೋರ್ನಿಯಾದಲ್ಲಿ ಸ್ನಾತಕೋತ್ತರ ಪದವಿ ಸಾಲದು, ಹಿರಿಯರ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ ಮಾಡಿರಬೇಕು. ನಮ್ಮ ದೇಶದಲ್ಲಿ ಕುಟುಂಬ ಚಿಕಿತ್ಸಕರಿಗೆಂದೇ ಲೈಸೆನ್ಸ್ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಆದರೆ ‘ಫ್ಯಾಮಿಲಿ ಕೌನ್ಸೆಲರ್’ ಎಂದು ಬೋರ್ಡು ಹಾಕುವವರನ್ನು ತಡೆಯುವವರು ಹೆಚ್ಚು ಕಡಿಮೆ ಯಾರೂ ಇಲ್ಲ. ಕಾನೂನು ಗಂಟೆ ಲೆಕ್ಕ ಕೇಳದಿದ್ದರೆ ನಾವೇ ಕೇಳಬೇಕು, ಅಲ್ವಾ?

ಎಂಎಸ್‌ಡಬ್ಲ್ಯುವಿನ ದೊಡ್ಡ ಆಸ್ತಿ ಫೀಲ್ಡ್‌ವರ್ಕ್. ವಾರದಲ್ಲಿ ಕೆಲವು ದಿನ ಕ್ಲಾಸು, ಉಳಿದ ದಿನ ಆಸ್ಪತ್ರೆ, ಶಾಲೆ, ಮನೆ. ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗಿ ಬರುವ ನಮ್ಮಂಥವರಿಗೆ ಸುಸ್ತು ಖಂಡಿತ. ಆದರೆ ಮನೆಯೊಳಗೆ ಕಾಲಿಟ್ಟಾಗ ಕಲಿಯುವುದು ಕ್ಲಾಸಿನಲ್ಲಿ ಸಿಗುವುದಿಲ್ಲ. ಎಣ್ಮಕಜೆಯ ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದ ಮಕ್ಕಳ ಮನೆಗಳಿಗೆ ಹೋದಾಗ ನನಗೆ ಇದು ಅರ್ಥವಾಯಿತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸುವುದು 2000ದ ಹೊತ್ತಿಗೆ ನಿಂತಿತ್ತು. ಮನೆಯೊಳಗಿನ ಕಷ್ಟ ನಿಂತಿರಲಿಲ್ಲ. ಹಾಸಿಗೆ ಬಿಟ್ಟು ಏಳದ ಮಗು, ಅದನ್ನು ಬಿಟ್ಟು ಒಂದು ಮದುವೆಗೂ ಹೋಗದ ತಾಯಿ, ತನ್ನನ್ನು ಯಾರೂ ಗಮನಿಸುವುದಿಲ್ಲ ಎಂದು ಸಿಟ್ಟಾದ ಆರೋಗ್ಯವಂತ ಅಕ್ಕ. ಅಲ್ಲಿ ತಾಯಿಯೊಬ್ಬಳಿಗೆ ಕೌನ್ಸೆಲಿಂಗ್ ಮಾಡಿದರೆ ಸಾಲದು. ಆ ಅಕ್ಕನನ್ನೂ ಮಾತಾಡಿಸಬೇಕು.

ಕೇಸ್ ರೆಕಾರ್ಡ್ ಬರೆದು ಕೊಟ್ಟರೆ ನಮ್ಮ ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳುತ್ತಿದ್ದರು: ‘ಅಪ್ಪ ಎಲ್ಲಿ ಕೂತಿದ್ದರು? ನೀನು ಅವರನ್ನು ಏನು ಕೇಳಿದೆ?’ ಅಂಥ ಪ್ರಶ್ನೆಗಳಿಂದಲೇ ನಾನು ಕಲಿತೆ. ಆದರೆ ಕುಟುಂಬ ಚಿಕಿತ್ಸೆ ಎಂಎಸ್‌ಡಬ್ಲ್ಯುವಿನಲ್ಲಿ ಒಂದು ಸಣ್ಣ ಭಾಗ ಮಾತ್ರ. ಸಮುದಾಯ ಸಂಘಟನೆ, ಕಾರ್ಮಿಕ ಕಲ್ಯಾಣ, ಸಂಶೋಧನಾ ವಿಧಾನ ಎಲ್ಲವೂ ಇರುತ್ತದೆ. ಥಿಯರಿ ತೆಳು.

ಥಿಯರಿಯ ಹಸಿವು ತೀರಿದ್ದು ದೂರಶಿಕ್ಷಣದಲ್ಲಿ. ಈ ವಿಷಯದಲ್ಲಿ ಎಂಎಸ್‌ಸಿ ರೂಪಿಸಿದ್ದು ಇಗ್ನೋ, ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ. ಪುಸ್ತಕಗಳು ಇಂಗ್ಲಿಷಿನಲ್ಲಿ, ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಮನೆಗೆಲಸ, ಮಕ್ಕಳು ಇರುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಮುರ್ರೇ ಬೋವೆನ್, ಸಾಲ್ವಡಾರ್ ಮಿನುಚಿನ್, ವರ್ಜೀನಿಯಾ ಸಟೀರ್ ಹೀಗೆ ಕುಟುಂಬ ಚಿಕಿತ್ಸೆಗೆ ಬುನಾದಿ ಹಾಕಿದವರನ್ನೆಲ್ಲ ನಾನು ನಿಧಾನವಾಗಿ, ಮತ್ತೆ ಮತ್ತೆ ಓದಿದ್ದು ಆಗಲೇ. ಪ್ರಾಕ್ಟಿಕಲ್ ಕೂಡ ಇದೆ. ಆದರೆ ಕೇಸು ಎಲ್ಲಿ ಸಿಗುತ್ತದೆ, ಯಾರ ಕೈಕೆಳಗೆ ಮಾಡುವುದು ಎಂದು ಹುಡುಕುವ ಹೊಣೆ ಜಾಸ್ತಿ ನಮ್ಮದೇ. ನಾನು ಹೋಗುತ್ತಿದ್ದ ಒಂದು ಕೇಂದ್ರದಲ್ಲಿ ಸಹಿ ಬೇಗ ಸಿಗುತ್ತಿತ್ತು, ಚರ್ಚೆ ಸಿಗುತ್ತಿರಲಿಲ್ಲ. ನನಗೆ ಇದರಿಂದ ತುಂಬಾ ಬೇಜಾರಾಯಿತು. ಎದುರಿಗೆ ಕೂತವರ ಸಂಸಾರ ಅದು, ಸುಮ್ನೆ ಸಹಿ ಹಾಕುವ ವಿಷಯವಲ್ಲ. ಇನ್ನೊಂದು ಮುಖ್ಯ ಸಂಗತಿ: ಮನಶ್ಶಾಸ್ತ್ರವೂ ಸೇರಿ ಆರೋಗ್ಯ ವೃತ್ತಿಯ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ನಡೆಸಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರಲ್ಲಿ ಹೇಳಿದೆ. ಹಾಗಾಗಿ ನಿಮಗೆ ಬೇಕಾದ ಕೋರ್ಸಿಗೆ ಈಗ ಪ್ರವೇಶ ಇದೆಯೇ ಎಂದು ವಿಚಾರಿಸದೆ ದುಡ್ಡು ಕಟ್ಟಬೇಡಿ.

ಆನ್‌ಲೈನ್ ಕೋರ್ಸು ಚಿಕ್ಕದು, ಫೀಸು ಮಾತ್ರ ಚಿಕ್ಕದಲ್ಲ. ಅದಕ್ಕೆ ಡಿಗ್ರಿಯ ಬೆಲೆಯೂ ಇಲ್ಲ. ಆದರೂ ಒಂದು ವಿಷಯದಲ್ಲಿ ಅದು ಉಳಿದೆರಡನ್ನೂ ಮೀರಿಸಿತು. ಒಬ್ಬರು ಕುಟುಂಬದ ಜೊತೆ ಮಾತಾಡುತ್ತಾರೆ, ಉಳಿದವರು ಕ್ಯಾಮೆರಾ ಆಫ್ ಮಾಡಿ ನೋಡುತ್ತಾರೆ. ಕೊನೆಗೆ ಕುಟುಂಬದ ಎದುರಿಗೇ, ಅವರ ಒಪ್ಪಿಗೆ ಪಡೆದು, ನೋಡಿದವರು ತಮಗನಿಸಿದ್ದನ್ನು ಹೇಳುತ್ತಾರೆ. ನಾರ್ವೆಯ ಟಾಮ್ ಆ್ಯಂಡರ್ಸನ್ 1980ರ ದಶಕದಲ್ಲಿ ಶುರು ಮಾಡಿದ ಕ್ರಮ ಇದು. ಅಷ್ಟು ಜನ ನೋಡುತ್ತಿರುವಾಗ ಕೆಲಸ ಮಾಡಿದ ಮೇಲೆ ನನ್ನ ಪ್ರಶ್ನೆಗಳು ಬದಲಾದವು. ಮಗಳನ್ನು ‘ನಿನಗೆ ಏನನಿಸುತ್ತದೆ’ ಎಂದಷ್ಟೇ ಕೇಳುತ್ತಿದ್ದವಳು, ‘ಅಮ್ಮ ಮಾತು ಬಿಟ್ಟಾಗ ಮೊದಲು ಮಾತಾಡಿಸುವವರು ಯಾರು? ದುಬೈಯಿಂದ ಅಪ್ಪ ಫೋನು ಮಾಡುವುದು ಮೊದಲು ಅಜ್ಜಿಗಾ, ಅಮ್ಮನಿಗಾ?’ ಎಂದು ಕೇಳತೊಡಗಿದೆ. ನಮ್ಮಲ್ಲಿ ಎಷ್ಟೋ ಮನೆಗಳ ಜಗಳದ ಬೇರು ಆ ಫೋನಿನ ಸರದಿಯಲ್ಲೇ ಇರುತ್ತದೆ.

ಮೂರರಲ್ಲೂ ಕೊರತೆಯಾದದ್ದು ನಮ್ಮ ಊರು. ಉದಾಹರಣೆಗಳೆಲ್ಲ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಇಲ್ಲಿ ತಾಯಿಯ ಕಡೆಯಿಂದ ವಂಶ, ಆಸ್ತಿ ಎಣಿಸುವ ತುಳುವರ ಅಳಿಯಕಟ್ಟಿನ ಮನೆಯೂ ಇದೆ, ಅದೇ ಬಗೆಯ ಮಲಯಾಳಿಗಳ ಮರುಮಕ್ಕತ್ತಾಯದ ತರವಾಡು, ಅಂದರೆ ಮೂಲಮನೆಯೂ ಇದೆ, ಪಕ್ಕದಲ್ಲೇ ತಂದೆಯಿಂದ ಮಕ್ಕಳಿಗೆ ಹೋಗುವ ಮಕ್ಕಳಕಟ್ಟಿನ ಹವ್ಯಕ ಮನೆಯೂ ಇದೆ. ಕೇರಳ 1975ರ ಕಾಯ್ದೆಯಲ್ಲಿ ಹಿಂದೂ ಕೂಡುಕುಟುಂಬದ ಆಸ್ತಿ ಪದ್ಧತಿಯನ್ನು ತೆಗೆದುಹಾಕಿತು. ಸೋದರಮಾವನ ಮಾತಿನ ತೂಕವನ್ನು ಯಾವ ಕಾಯ್ದೆಯೂ ತೆಗೆಯಲಿಲ್ಲ. ಬೋವೆನ್ ಕ್ರಮದಲ್ಲಿ ಮೂರು ತಲೆಮಾರಿನ ಜೀನೋಗ್ರಾಂ, ಅಂದರೆ ಮನೆಯವರ ಸಂಬಂಧಗಳ ನಕ್ಷೆ ಬರೆಯುವಾಗ ಮಾವನನ್ನು ಮೂಲೆಗೆ ತಳ್ಳಿದರೆ ಇಡೀ ಚಿತ್ರ ತಪ್ಪುತ್ತದೆ. ಒಟ್ಟಿಗೆ ಇರುವ ಮನೆಯನ್ನು ಕಂಡ ಕೂಡಲೇ ‘ಇಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಗಡಿಗಳೇ ಇಲ್ಲ’ ಎಂದು ಮಿನುಚಿನ್ ಹೆಸರಲ್ಲಿ ತೀರ್ಪು ಕೊಡುವುದೂ ತಪ್ಪು. ಅದೇ ಮಿನುಚಿನ್ ಫಿಲಡೆಲ್ಫಿಯಾದಲ್ಲಿ ಡಿಗ್ರಿ ಇಲ್ಲದ ಸ್ಥಳೀಯರಿಗೇ ಈ ಕೆಲಸ ಕಲಿಸಿದವರು, ಆ ಜನರ ಬದುಕು ಅವರಿಗೆ ಗೊತ್ತು ಎಂಬ ಕಾರಣಕ್ಕೆ. ಮನೆಯವರನ್ನು ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೂ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡಿದ್ದರು. ಇದನ್ನು ಮೊದಲ ಕ್ಲಾಸಿನಲ್ಲೇ ಹೇಳಬೇಕು ಎಂದು ನನ್ನ ಆಸೆ.

ಭಾಷೆಯೂ ಹಾಗೆಯೇ. ಒಂದೇ ಸೆಷನ್‌ನಲ್ಲಿ ಅಜ್ಜಿ ತುಳುವಿನಲ್ಲಿ, ಸೊಸೆ ಮಲಯಾಳದಲ್ಲಿ, ಮೊಮ್ಮಗ ಕನ್ನಡದಲ್ಲಿ ಮಾತಾಡುತ್ತಾರೆ. ಇದಕ್ಕೆ ಸ್ವಲ್ಪವಾದರೂ ತಯಾರು ಮಾಡಿದ್ದು ಎಂಎಸ್‌ಡಬ್ಲ್ಯು ಫೀಲ್ಡ್‌ವರ್ಕ್ ಮಾತ್ರ.

ಹಾಗಾದರೆ ಯಾವುದು? ಇಪ್ಪತ್ತರ ಆಸುಪಾಸಿನವರಿಗೆ ನಾನು ಎಂಎಸ್‌ಡಬ್ಲ್ಯು ಎನ್ನುತ್ತೇನೆ, ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗ ಆರಿಸಿಕೊಂಡು. ಅದರ ಮೇಲೆ ನಿಮ್ಹಾನ್ಸ್‌ನಂಥ ಕಡೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲಿ ಎರಡು ವರ್ಷದ ಎಂಫಿಲ್ ಮಾಡುವ ದಾರಿಯೂ ಇತ್ತು; ಯುಜಿಸಿ 2025-26ರ ಪ್ರವೇಶದವರೆಗೆ ಮಾತ್ರ ಅದನ್ನು ಒಪ್ಪಿತ್ತು, ಈಗ ಇದೆಯೇ ಎಂದು ವಿಚಾರಿಸಿ. ನಾನು ಅದನ್ನು ಮಾಡಿಲ್ಲ. ಮಾಡಿದವರ ಜೊತೆ ಕೆಲಸ ಮಾಡಿದಾಗ ಅವರ ಕೈ ಪಳಗಿರುವುದು ಕಾಣುತ್ತದೆ. ಈಗಾಗಲೇ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೌನ್ಸೆಲರ್ ಆಗಿರುವವರಿಗೆ ಆನ್‌ಲೈನ್ ಕೋರ್ಸು ಸಾಕು, ಸೆಷನ್ ನೋಡಿ ತಿದ್ದುವ ವ್ಯವಸ್ಥೆ ಅದರಲ್ಲಿದ್ದರೆ. ಬರೀ ವಿಡಿಯೋ ಪಾಠ ಇರುವುದಕ್ಕೆ ಸೇರಬೇಡಿ. ದೂರಶಿಕ್ಷಣವನ್ನು ನಾನು ಎರಡನೆಯ ಪದವಿಯಾಗಿ ಮಾತ್ರ ಒಪ್ಪುತ್ತೇನೆ.

ಸೇರುವ ಮೊದಲು ಕಾಲೇಜಿಗೆ ಹೋಗಿ ಸೀನಿಯರ್ ಒಬ್ಬರನ್ನು ಹುಡುಕಿ. ಕಳೆದ ತಿಂಗಳು ನೀವು ಎಷ್ಟು ಕುಟುಂಬಗಳ ಜೊತೆ ಕೂತಿರಿ, ಅದರಲ್ಲಿ ಎಷ್ಟನ್ನು ಟೀಚರ್ ಜೊತೆ ಚರ್ಚಿಸಿದಿರಿ ಎಂದು ಕೇಳಿ. ಸೀನಿಯರ್‌ಗಳನ್ನು ಭೇಟಿ ಮಾಡಲು ಬಿಡದಿದ್ದರೆ ಬೇರೆ ಕಾಲೇಜು ನೋಡಿ.